ಕೈ ಕೊಟ್ಟಿದ್ದು: ನಲವತ್ತೊಂದು

ದೊಡ್ಡಾಸ್ಪತ್ರೆಯ ಹಿಂದಿನ ಗೇಟಿನ ಎದುರು ಟೈಪಿಂಗ್ ಅಂಗಡಿ ಇಟ್ಟಿರುವವಳನ್ನು ಡಾಕ್ಟರುಗಳೆಲ್ಲ ‘ಬಯೋಡೇಟಾ ಅಕ್ಕ’ ಎಂದೇ ಕರೆಯುತ್ತಾರೆ. ಅಂಗಡಿ ಎಂದರೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಸ್ಟೂಲು. ಮೂರನೆಯವರು ಬಂದರೆ ಮೊದಲನೆಯವರು ಎದ್ದು ನಿಲ್ಲಬೇಕು. ಅಕ್ಕ ಓದಿದ್ದು ಹತ್ತನೆಯ ತರಗತಿ. ಆದರೆ ಯಾವ ಡಾಕ್ಟರು ಯಾವ ವರ್ಷ ಡುಮ್ಕಿ ಹೊಡೆದರು, ಯಾರ ಪ್ರಬಂಧದಲ್ಲಿ ಹೆಸರು ಮಾತ್ರ ಅವರದು ಎಂಬುದೆಲ್ಲ ಅವಳ ನಾಲಗೆಯ ತುದಿಯಲ್ಲಿದೆ. ಆ ನಾಲಗೆಯನ್ನು ಅವಳು ಹಿಡಿತದಲ್ಲಿ ಇಟ್ಟುಕೊಂಡಿದ್ದಾಳೆ.

ಕೆಲಸ ಬೇಕಾದಾಗ ಓಡಿ ಬಂದು, ಕೂತು ತಲೆ ಕೆರೆದುಕೊಳ್ಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

“ಐದು ವರ್ಷದ ಹಿಂದಿನದು ಈಗ ನೆನಪಿಗೆ ಬಾ ಅಂದ್ರೆ ಬರುತ್ತಾ ಡಾಕ್ಟ್ರೇ? ರೋಗಿಗೆ ಚೀಟಿ ಅವತ್ತೇ ಬರೀತೀರಿ ತಾನೆ? ನಿಮ್ಮದೂ ಅವತ್ತವತ್ತೇ ಬರೀರಿ.”

ಹಾಗೆಂದು ಹೊಸಬರ ಕೈಗೆ ಒಂದು ನೋಟ್‌ಬುಕ್ ತುರುಕುತ್ತಾಳೆ. ಅದರಲ್ಲಿ ಅವಳೇ ಗೆರೆ ಎಳೆದ ಮೂರು ಕಾಲಂ: ನೋಡಿದ್ದು, ಕೈ ಕೊಟ್ಟಿದ್ದು, ತಾನೇ ಮಾಡಿದ್ದು. ಆಪರೇಷನ್ನನ್ನು ದೂರ ನಿಂತು ನೋಡಿದರೆ ಮೊದಲನೆಯದು. ದೊಡ್ಡ ಡಾಕ್ಟರ ಪಕ್ಕದಲ್ಲಿ ನಿಂತು, ಹಿಡಿ ಎಂದದ್ದನ್ನು ಹಿಡಿದರೆ ಎರಡನೆಯದು. ಚಾಕು ಸ್ವಂತ ಕೈಯಲ್ಲಿದ್ದರೆ ಮಾತ್ರ ಮೂರನೆಯದು. ‘ಕೈ ಕೊಟ್ಟಿದ್ದು’ ಎಂಬುದನ್ನು ಓದಿ ಚಿಕ್ಕ ಡಾಕ್ಟರುಗಳು ಕಿಸಕ್ಕನೆ ನಗುತ್ತಾರೆ. ಯಾರೋ ನಡುದಾರಿಯಲ್ಲಿ ಬಿಟ್ಟು ಪರಾರಿಯಾದಂತೆ ಕೇಳಿಸುತ್ತದಲ್ಲ! ಅದಕ್ಕೇ ಪ್ರಿಂಟ್ ತೆಗೆಯುವ ಮುಂಚೆ ಅಕ್ಕ ಆ ತಲೆಬರಹ ಅಳಿಸಿ ‘ಸಹಕರಿಸಿದ್ದು’ ಎಂದು ಗಂಭೀರವಾಗಿ ಹಾಕುತ್ತಾಳೆ. ಎರಡನೆಯ ಕಾಲಮ್ಮಿನ ನಾಲ್ಕನ್ನು ಮೂರನೆಯದಕ್ಕೆ ದಾಟಿಸಿ ಎಂದು ಗೋಗರೆದವರನ್ನು ಸ್ಟೂಲಿನಿಂದ ಎಬ್ಬಿಸಿ ಕಳಿಸಿದ್ದೂ ಉಂಟು.

ಇಂಥ ಅಕ್ಕ ಒಂದೇ ಒಂದು ಸಲ ಸುಳ್ಳು ಟೈಪ್ ಮಾಡಿದಳು.

ಅವಳ ತಂಗಿಯೂ ಡಾಕ್ಟರು. ಓದಿಸಿದ್ದು ಅಕ್ಕನ ಇದೇ ಹತ್ತು ಬೆರಳು. ತಂಗಿಗೆ ಸರ್ಜನ್ ಆಗಬೇಕೆಂಬುದು ಒಂದೇ ಆಸೆ. ದೊಡ್ಡಾಸ್ಪತ್ರೆಯಲ್ಲಿ ಸರ್ಜರಿ ತರಬೇತಿಗೆ ಆ ವರ್ಷ ಖಾಲಿಯಿದ್ದದ್ದು ಒಂದೇ ಜಾಗ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಎಲ್ಲ ಸರಿಯಿತ್ತು, ನಡುವೆ ಹದಿನಾಲ್ಕು ತಿಂಗಳು ಖಾಲಿ ಎನ್ನುವುದೊಂದನ್ನು ಬಿಟ್ಟು. ಅಕ್ಕ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಾಗ ತಂಗಿ ನರ್ಸಿಂಗ್ ಹೋಮಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು. ಅಕ್ಕನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಿ, ಮೈ ಒರೆಸಿ, ಕೊನೆಗೆ ಗೋಡೆ ಹಿಡಿಸಿ ನಡೆಸಿ, ಮತ್ತೆ ಅಂಗಡಿಗೆ ತಂದು ಕೂರಿಸುವ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿತ್ತು.

ಇನ್ನೊಬ್ಬರ ಬಯೋಡೇಟಾದಲ್ಲಾಗಿದ್ದರೆ “ಇದ್ದದ್ದು ಇದ್ದ ಹಾಗೆ ಬರೀರಿ” ಎಂದು ಗದರುತ್ತಿದ್ದಳು. ಇದು ತನ್ನಿಂದಾದ ಖಾಲಿ. ಅಕ್ಕ ನರ್ಸಿಂಗ್ ಹೋಮಿನ ಕೊನೆಯ ತಾರೀಖನ್ನು ಹದಿನಾಲ್ಕು ತಿಂಗಳು ಮುಂದಕ್ಕೆ ಎಳೆದುಬಿಟ್ಟಳು.

ಅರ್ಜಿ ಕೊಡಲು ಅಂದು ಸಂಜೆ ಐದೇ ಗಡುವು. ನಾಲ್ಕೂವರೆಗೆ ತಂಗಿ ಬಂದು ಕಾಗದ ಓದಿದಳು.

“ಅಕ್ಕಾ, ಇದೇನಿದು? ಆಗ ನಾನು ಅಲ್ಲಿರಲೇ ಇಲ್ವಲ್ಲ.”

“ಯಾರು ಹೋಗಿ ಕೇಳ್ತಾರೆ, ಬಿಡೇ.”

“ನೀನು ಆಡೋ ಮಾತಾ ಇದು?”

“ನನ್ನಿಂದ ಬಿದ್ದ ತೂತು ಅದು. ನಾನೇ ಮುಚ್ತೀನಿ.”

“ನಿನ್ನನ್ನ ತೂತು ಅಂತ ಯಾರಂದ್ರು?” ತಂಗಿಯ ದನಿ ಏರಿತು. “ಸರಿ ಮಾಡ್ತೀಯೋ, ಅರ್ಜಿ ಹರಿದು ಹಾಕ್ಲೋ?”

ಅಕ್ಕ ಮೂಗೊರೆಸಿಕೊಳ್ಳುತ್ತಾ ತಾರೀಖು ಸರಿಮಾಡಿದಳು. ತಂಗಿ ಹೇಳಿದಂತೆಯೇ ಹೊಸ ಸಾಲು ಹಾಕಿದಳು: ‘ಹದಿನಾಲ್ಕು ತಿಂಗಳು: ಬೆನ್ನುಮೂಳೆ ಮುರಿದ ಅಕ್ಕನ ಆರೈಕೆ, ಮನೆಯಲ್ಲಿ.’ ತಂಗಿ ಕಾಗದ ಕಿತ್ತುಕೊಂಡು ರಸ್ತೆ ದಾಟಿ ಓಡಿದಳು.

ಅಂಗಡಿಯ ಪ್ರತಿಯನ್ನು ಅಕ್ಕ ನೋಡಿದ್ದು ಮರುದಿನ. ಆ ಗಡಿಬಿಡಿಯಲ್ಲಿ ತಲೆಬರಹ ಬದಲಿಸುವುದೇ ಮರೆತುಹೋಗಿತ್ತು. ‘ಕೈ ಕೊಟ್ಟಿದ್ದು: ನಲವತ್ತೊಂದು.’ ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಮೊದಲು ಬೆನ್ನು, ಈಗ ಇದು. ತಂಗಿಯ ದಾರಿಗೆ ತಾನೇ ಎರಡು ಸಲ ಅಡ್ಡ ಬಿದ್ದೆನಲ್ಲ ಎಂದು ಅವಳಿಗೆ ಊಟ ಸೇರಲಿಲ್ಲ.

ಸಂದರ್ಶನ ಮುಗಿಸಿ ತಂಗಿ ನೇರ ಅಂಗಡಿಗೇ ಬಂದಳು.

“ದೊಡ್ಡ ಸರ್ಜನ್ನು ಕನ್ನಡಕದ ಮೇಲಿಂದ ನೋಡಿ, ‘ಏನಮ್ಮ, ನಲವತ್ತೊಂದು ಆಪರೇಷನ್‌ಗೆ ಕೈ ಕೊಟ್ಟಿದ್ದೀರಂತೆ?’ ಅಂದ್ರು. ಎಲ್ರೂ ನಕ್ಕಿದ್ದೇ ನಕ್ಕಿದ್ದು.”

“ಅಯ್ಯೋ, ಆಮೇಲೆ?”

“ಅರ್ಥ ಹೇಳ್ದೆ. ‘ಹಾಗಾದ್ರೆ ಈ ಹದಿನಾಲ್ಕು ತಿಂಗಳು ಯಾವ ಕಾಲಮ್ಮು?’ ಅಂದ್ರು. ‘ಆಗ ಕೆಲಸಕ್ಕೆ ನಿಜವಾಗ್ಲೂ ಕೈ ಕೊಟ್ಟೆ ಸರ್, ಅಕ್ಕನ ಕೈ ಬಿಡೋಕಾಗ್ಲಿಲ್ಲ’ ಅಂದೆ. ನಗು ನಿಂತೋಯ್ತು. ಅವ್ರು ಒಂದೇ ಪ್ರಶ್ನೆ ಕೇಳಿದ್ರು. ‘ಹಾಸಿಗೆ ಹುಣ್ಣು ಎಷ್ಟಾಯ್ತು?’ ಅಂತ.”

“ನೀನೇನಂದೆ?”

“ಒಂದೂ ಇಲ್ಲ ಸರ್, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸ್ತಿದ್ದೆ ಅಂದೆ. ಏನೋ ಬರ್ಕೊಂಡ್ರು.”

ಹತ್ತು ದಿನಕ್ಕೆ ಪತ್ರ ಬಂತು. ಜಾಗ ತಂಗಿಗೇ ಸಿಕ್ಕಿತ್ತು.

ಅಂದೇ ಅಕ್ಕ ತಂಗಿಯ ಬಯೋಡೇಟಾ ತೆರೆದು, ಹೊಸ ಕೆಲಸ ಮತ್ತು ಸೇರುವ ತಾರೀಖು ಹಾಕಿದಳು. ಆಮೇಲೆ ಅದರ ಮೇಲಿದ್ದ ಹದಿನಾಲ್ಕು ತಿಂಗಳ ಸಾಲನ್ನು ಓದುತ್ತಾ ಕೂತಳು. ಊರಿನ ಡಾಕ್ಟರುಗಳ ಬಾಳನ್ನೆಲ್ಲ ಟೈಪ್ ಮಾಡಿದವಳಿಗೆ ಸ್ವಂತದ್ದೊಂದು ಬಯೋಡೇಟಾ ಇರಲಿಲ್ಲ. ಯಾರ ಬಯೋಡೇಟಾದಲ್ಲಾದರೂ ಅವಳು ಇದ್ದಾಳೆ ಎಂದರೆ ಈ ಸಾಲಿನಲ್ಲಿ ಮಾತ್ರ. ಅದರ ಕೊನೆಗೆ ಇನ್ನೂ ಮೂರು ಪದಕ್ಕೆ ಜಾಗವಿತ್ತು. ಇದು ನಿಜ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ತನ್ನ ಬೆನ್ನೇ ಇದೆಯಲ್ಲ ಎಂದುಕೊಂಡು ಅಕ್ಕ ಟೈಪ್ ಮಾಡಿದಳು: ‘ಹಾಸಿಗೆ ಹುಣ್ಣು: ಇಲ್ಲ.’