ಹಳದಿ ಗೂಡಿಗೆ ಹಾಕಿದ ಸೆಲ್ಲು

ಇದನ್ನು ಬರೆಯಲು ಎಷ್ಟು ಸಲ ಕೂತೆನೋ ಅಷ್ಟು ಸಲವೂ ಎದ್ದು ಹೋಗಿದ್ದೇನೆ. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಪೆನ್ನು ಬರೆಯಲಿಲ್ಲ. ಎಪ್ಪತ್ತು ದಾಟಿದವನಿಗೆ ನೆಪಗಳಿಗೇನು ಕಡಿಮೆ? ಹೋದ ವಾರ ಗೋಡೆ ಗಡಿಯಾರ ನಿಂತಿತು. ಹಿಂದಿನ ಮುಚ್ಚಳ ತೆಗೆದರೆ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿತ್ತು, ಸ್ಪ್ರಿಂಗು ಹಸಿರಾಗಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತುಬಿಟ್ಟೆ...

ಮುಳಬಾಗಿಲಿನಲ್ಲಿ ನಮ್ಮ ಎದುರು ಮನೆಯವರನ್ನು ಬೀದಿಯವರೆಲ್ಲ ವೈರ್‌ಲೆಸ್ ಮೇಷ್ಟ್ರು ಎನ್ನುತ್ತಿದ್ದರು. ಅವರು ಶಾಲೆಯ ಮೇಷ್ಟ್ರಲ್ಲ, ವೈರ್‌ಲೆಸ್ ಆಪರೇಟರಾಗಿದ್ದು ನಿವೃತ್ತರಾದವರು. ಆದರೆ ಯಾರು ಎಲ್ಲಿ ಪ್ಲಗ್ ಚುಚ್ಚಿದರೂ ನಿಂತು ತಿದ್ದದೆ ಮುಂದೆ ಹೋಗುತ್ತಿರಲಿಲ್ಲ. ನಾನೋ, ಹೈಸ್ಕೂಲು ಮುಗಿಸಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಹಿಡಿದವನು. ತಾಯಲೂರಿನಿಂದ ಶ್ರೀನಿವಾಸಪುರದವರೆಗೆ ನನ್ನ ಕೈ ಸೋಕದ ಮೋಟಾರಿಲ್ಲ ಎಂಬ ಜಂಬ ನನಗಿತ್ತು. ಇಂಥವನನ್ನು ಅವರು ದಿನಾ ಕೂರಿಸಿಕೊಂಡು ಪೆನ್ಸಿಲ್ ಸೆಲ್ಲಿನ ಪಾಠ ಹೇಳುತ್ತಿದ್ದರು. ತಲೆ ಚಿಟ್ಟು ಹಿಡಿಯುತ್ತಿತ್ತು.

ಪಾಠವೆಲ್ಲ ಅವರ ಸ್ಕ್ಯಾನರಿನದು. ನೋಡಲು ವಾಕಿಟಾಕಿಯ ಹಾಗೆ, ತಲೆಯ ಮೇಲೆ ರಬ್ಬರಿನ ಏರಿಯಲ್. ಆದರೆ ಅದರಲ್ಲಿ ಮಾತಾಡಲಾಗದು, ಕೇಳಬಹುದು ಅಷ್ಟೇ. ಒಂದಾದ ಮೇಲೊಂದು ಚಾನೆಲ್ ಹುಡುಕುತ್ತಾ ಹೋಗಿ, ಯಾರಾದರೂ ಮಾತಾಡುತ್ತಿದ್ದರೆ ಅಲ್ಲಿ ನಿಲ್ಲುತ್ತದೆ. ಅವರ ವೈರ್‌ಲೆಸ್ ಲೈಸೆನ್ಸು ದೇವರ ಪಟಗಳ ಪಕ್ಕದಲ್ಲೇ ಚೌಕಟ್ಟಿನಲ್ಲಿತ್ತು. ಇಯರ್‌ಫೋನ್ ಕಿವಿಗಿಡುವ ಮುಂಚೆ ಸೌಂಡು ತಗ್ಗಿಸಬೇಕು. ಏರಿಯಲ್ಲನ್ನು ಕರೆಂಟ್ ತಂತಿಯ ಹತ್ತಿರ ಒಯ್ಯಬಾರದು. ಗಾಡಿ ಓಡಿಸುತ್ತಾ ಕೇಳಬಾರದು. ಕೇಳಿದ್ದನ್ನು ಬೀದಿಯಲ್ಲಿ ಆಡಬಾರದು. ಇಷ್ಟು ಮುಗಿದ ಮೇಲೆ ಸೆಲ್ಲು ಹಾಕುವ ಎರಡು ಗೂಡುಗಳನ್ನು ಕೈಯಲ್ಲಿ ಹಿಡಿಯುತ್ತಿದ್ದರು, ಒಂದು ಹಳದಿ, ಒಂದು ಕರಿ.

“ಹಳದಿ ಯಾವುದಕ್ಕಲಾ?”

“ಚಾರ್ಜ್ ಮಾಡೋ ಸೆಲ್ಲಿಗೆ ಮೇಷ್ಟ್ರೇ.”

“ಕರೀದು?”

“ಮಾಮೂಲಿ ಸೆಲ್ಲಿಗೆ. ಅದರಲ್ಲಿ ಚಾರ್ಜ್ ಹತ್ತಲ್ಲ.”

“ಮಾಮೂಲಿ ಸೆಲ್ಲು ಹಳದೀಲಿ ಹಾಕಿ ಚಾರ್ಜರ್ ಚುಚ್ಚಿದ್ರೆ?”

“ಸಿಡೀತದೆ. ನೂರು ಸಲ ಹೇಳಿದ್ದೀರ.”

“ನೂರಾ ಒಂದನೇ ಸಲಾನೂ ಕೇಳು. ಕಿವಿ ಸವೆಯಲ್ಲ.”

ಒಳಗಿಂದ ಅವರ ಹೆಂಡತಿ ನಗುತ್ತಿದ್ದರು. “ಏಮಂಡೀ, ಆಯಪ್ಪ ಹತ್ತು ಎಚ್‌ಪಿ ಮೋಟಾರ್ ಕಟ್ಟೋನು. ಅವನಿಗೆ ಪೆನ್ಸಿಲ್ ಸೆಲ್ಲು ತೋರಿಸಿ ಹೆದರಿಸ್ತೀರಲ್ಲ!”

“ದೊಡ್ಡ ಕರೆಂಟ್ ಕಂಡೋನಿಗೇ ಕಣೇ ಚಿಕ್ಕ ಕರೆಂಟ್ ಅಂದ್ರೆ ಸಸಾರ!”

ಸಂಜೆ ಆರಕ್ಕೆ ಅವರ ಹಳೆಯ ಸ್ನೇಹಿತರು ತಮ್ಮ ತಮ್ಮ ಊರಿನಿಂದಲೇ ವೈರ್‌ಲೆಸ್ ಸೆಟ್ಟಿನಲ್ಲಿ ಮಾತಿಗೆ ಸೇರುತ್ತಿದ್ದರು. ಒಬ್ಬರು ಹಾಜರಿ ಕೂಗುವರು, ಕೋಲಾರ, ಮಾಲೂರು, ಮಾಸ್ತಿ ಎಂದು ಒಬ್ಬೊಬ್ಬರಾಗಿ ಓಗೊಡುವರು. ಕಣ್ಣು ಮಂಜಾದ ಮೇಲೆ ಮೇಷ್ಟ್ರು ಮಾತಾಡುವ ಸೆಟ್ಟನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಓಗೊಡಲಾಗದಿದ್ದರೂ ಆ ಹೊತ್ತಿಗೆ ಸ್ನಾನ ಮಾಡಿ, ಷರ್ಟು ಹಾಕಿಕೊಂಡು, ಸ್ಕ್ಯಾನರ್ ಮುಂದಿಟ್ಟುಕೊಂಡು ಕೂರುತ್ತಿದ್ದರು. ತಮ್ಮ ಹೆಸರು ಬಂದಾಗ “ಇದ್ದೀನಪ್ಪಾ” ಎಂದು ಗೋಡೆಗೆ ಹೇಳುತ್ತಿದ್ದರು.

ಕಣ್ಣಿನ ಆಪರೇಷನ್ನಿಗೆಂದು ಗಂಡ ಹೆಂಡತಿ ಮೂರು ದಿನ ಕೋಲಾರಕ್ಕೆ ಹೊರಟರು. ಬೀಗದ ಕೈ ನನಗೆ ಕೊಟ್ಟು, “ಆರು ಗಂಟೆಗೆ ಬಂದು ಕೂತ್ಕೊ. ಯಾರ್‍ಯಾರು ಮಾತಾಡಿದ್ರು, ಏನಂದ್ರು ಬರೆದಿಡು. ಬೇರೆಯೋರಿಗೆ ನಾನು ಇದನ್ನ ಮುಟ್ಟಕ್ಕೂ ಬಿಡಲ್ಲ ಕಣೋ,” ಎಂದರು.

ಮೊದಲ ಸಂಜೆ ಕೇಳಿದೆ, ನೋಟ್‌ಬುಕ್ಕಿನಲ್ಲಿ ಬರೆದೆ. ಎರಡನೇ ದಿನ ಮಧ್ಯಾಹ್ನವೇ ಹೋಗಿ, ವಿಮಾನದವರ ಮಾತು ಹಿಡಿಯುವ ಚಪಲಕ್ಕೆ ಜೋರಾಗಿ ಹಾಕಿಕೊಂಡು ಕೂತೆ. ಸೆಲ್ಲು ಇಳಿಯಿತು. ಚಾರ್ಜಿಗೆ ಗಂಟೆಗಟ್ಟಲೆ ಬೇಕು, ಆರು ಗಂಟೆ ಹತ್ತಿರವಿತ್ತು. ನನ್ನ ಟಾರ್ಚಿನ ಮಾಮೂಲಿ ಪೆನ್ಸಿಲ್ ಸೆಲ್ಲು ಬಿಚ್ಚಿದೆ. ಕರಿ ಗೂಡು ಒಂದು ಮಾರು ದೂರದಲ್ಲಿ ಚೀಲದಲ್ಲಿತ್ತು. ಒಂದು ಮಾರು! ಎದ್ದು ಹೋಗಿ ತರಲಾರದೆ ಕೈಯಲ್ಲಿದ್ದ ಹಳದಿ ಗೂಡಿಗೇ ತುರುಕಿದೆ. ಹಳೆಯ ಸೆಲ್ಲು, ಪರದೆ ಮಂಕಾಯಿತು. ಸರಿ, ಚಾರ್ಜರೂ ಚುಚ್ಚಿದೆ. ಆರು ವೋಲ್ಟು ತಾನೇ, ಏನಾದೀತು?

ಅಷ್ಟರಲ್ಲಿ ತಾಯಲೂರಿನಿಂದ ಫೋನು ಬಂತು. ಮೋಟಾರು ನಿಂತಿದೆ, ಟೊಮೆಟೊ ಒಣಗುತ್ತಿದೆ, ಈಗಲೇ ಬಾ. ಎಲ್ಲವನ್ನೂ ಹಾಗೇ ಬಿಟ್ಟು ಬೀಗ ಹಾಕಿ ಹೋದವನು ಬಂದದ್ದು ಮಾರನೇ ಬೆಳಿಗ್ಗೆ. ಬಾಗಿಲು ತೆಗೆದರೆ ಇದೇ ಘಾಟು. ಸೆಲ್ಲು ಉಬ್ಬಿ, ಒಡೆದು, ಅದರ ನೀರು ಸ್ಕ್ಯಾನರಿನೊಳಕ್ಕೆ ಇಳಿದಿತ್ತು. ಬರಿಗೈಯಲ್ಲಿ ಒರೆಸಿದೆ, ಬೆರಳು ಎರಡು ದಿನ ಉರಿಯಿತು. ಅದನ್ನೂ ಮುಟ್ಟಬಾರದೆಂದು ಅವರು ಹೇಳಿದ್ದರು.

ಅಲ್ಲೇ ಕಾದು ತಪ್ಪೊಪ್ಪಿಕೊಳ್ಳಬಹುದಿತ್ತು. ನಾನು ನೋಟ್‌ಬುಕ್ಕಿನಿಂದ ಮೊದಲ ದಿನದ ಹಾಳೆ ಹರಿದುಕೊಂಡೆ.

ಸಂಜೆ ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಚೀಲ ಇಳಿಸುವ ಮುಂಚೆಯೇ, “ಯಾರ್‍ಯಾರು ಬಂದಿದ್ರಲಾ?” ಎಂದರು.

“ನನಗೆ ಬರೋಕ್ಕೇ ಆಗ್ಲಿಲ್ಲ ಮೇಷ್ಟ್ರೇ. ಕೆಲಸ ಬಿತ್ತು. ಬೀಗಾನೇ ತೆಗೀಲಿಲ್ಲ.”

ಅವರು ಮೇಜಿನ ಹತ್ತಿರ ಹೋದರು. ಮೂಸಿದರು. ಗೂಡನ್ನು ಉಗುರಿನಿಂದ ಸವರಿದರು.

“ಹಂಗಾದ್ರೆ... ನಾನೇ ಹಾಕಿಟ್ಟು ಹೋದ್ನಾ?”

“ಕಣ್ಣು ಕಾಣ್ತಿರ್ಲಿಲ್ಲ, ಕರಿ ಹಳದಿ ಗೊತ್ತಾಗಿರಲ್ಲ, ಬಿಡಿ ಅತ್ಲಾಗೆ,” ಎಂದರು ಅವರ ಹೆಂಡತಿ.

“ಕಣ್ಣಲ್ಲ ಕಣೇ. ಹಳದೀದು ನನ್ನ ಬೆರಳಿಗೇ ಗೊತ್ತಾಗ್ತದೆ. ಅದಕ್ಕೆ ಒಂದು ಅಂಚು ಇದೆ.” ತಲೆ ಮುಟ್ಟಿಕೊಂಡು, “ಇಲ್ಲಿ ಕೆಡ್ತಾ ಇದೆ,” ಎಂದರು.

ನಾನು ಸುಟ್ಟ ಬೆರಳನ್ನು ಪಂಚೆಯಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಇಡೀ ಬೀದಿಯ ಪ್ಲಗ್ಗುಗಳನ್ನೆಲ್ಲ ಅನುಮಾನಿಸುತ್ತಿದ್ದ ಮನುಷ್ಯ, ನನ್ನನ್ನು ಮಾತ್ರ ಯಾಕೆ ಅನುಮಾನಿಸಲಿಲ್ಲ? “ನೀನೇ ಅಲ್ವೇನ್ಲಾ ಹಾಕಿದ್ದು?” ಎಂದು ಒಂದು ಸಲ ಗದರಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೇನೋ. ನೋಡಿ, ಈಗಲೂ ತಪ್ಪನ್ನು ಅವರ ಕಡೆಗೇ ತಳ್ಳುತ್ತಿದ್ದೇನೆ!

ಅಲ್ಲಿಂದಾಚೆ ಅವರು ಒಂದು ಸ್ವಿಚ್ಚೂ ತಾವಾಗಿ ಹಾಕಲಿಲ್ಲ. “ಗ್ಯಾಸ್ ಆರಿಸಿದ್ನಾ?”, “ಬೀಗ ಹಾಕಿದ್ನಾ?” ಎಂದು ಹೆಂಡತಿಯನ್ನು ಹತ್ತು ಸಲ ಕೇಳುವರು. ಮಾಲೂರಿನ ಅಳಿಯ ಬೇರೆ ಸ್ಕ್ಯಾನರ್ ತರಿಸುತ್ತೇನೆಂದರೆ, “ನನ್ನ ಕೈಗೆ ಬೇಡಪ್ಪ, ಮನೆ ಸುಟ್ಟೇನು,” ಎಂದರು. ಆರು ಗಂಟೆಗೆ ಷರ್ಟು ಹಾಕುವುದೂ ನಿಂತಿತು. ಒಂದು ದಿನ ಬೇಕೆಂದೇ ಒಂದು ಅಡಾಪ್ಟರ್ ತೆಗೆದುಕೊಂಡು ಹೋಗಿ, ಇದರ ಪ್ಲಸ್ ಮೈನಸ್ ಯಾವ ಕಡೆ ಎಂದು ಕೇಳಿದೆ. ತಿದ್ದಲಿ, ಬೈಯಲಿ ಎಂದು.

ಕೈಗೂ ತೆಗೆದುಕೊಳ್ಳಲಿಲ್ಲ. “ನನ್ನ ಕೇಳ್ಬೇಡ ಕಣೋ. ನೆಟ್ಟಗಿರೋರನ್ನ ಕೇಳು.”

ಅವರ ತಲೆ ಕಡೆಯವರೆಗೂ ನೆಟ್ಟಗೇ ಇತ್ತು. ಅದನ್ನು ಬಲ್ಲವನು ನಾನೊಬ್ಬನೇ. ಎರಡು ವರ್ಷ ಎದುರು ಮನೆಯಲ್ಲೇ ಇದ್ದು ಹೇಳಲಿಲ್ಲ. ಅವರು ಹೋದರು. ಹೆಂಡತಿ ಮಗಳ ಮನೆ ಸೇರಿ, ಅಲ್ಲೇ ತೀರಿಕೊಂಡರು. ಈಗ ಹೇಳಲು ಮನೆ ಇದೆ, ಕೇಳುವವರಿಲ್ಲ.

ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿದ್ದೇನೆ, ಪ್ಲಸ್ ಮೈನಸ್ ಎರಡೆರಡು ಸಲ ನೋಡಿ. ಆಮೇಲೆ ಸಾಮಾನಿನ ಪೆಟ್ಟಿಗೆಯ ತಳದಿಂದ ಆ ಹಾಳೆ ತೆಗೆದೆ. ಹರಿದೆನೇ ಹೊರತು ಬಿಸಾಡಲು ಕೈ ಬಂದಿರಲಿಲ್ಲ. ಗ್ರೀಸು ಹತ್ತಿದೆ, ಆದರೂ ಓದಲು ಬರುತ್ತದೆ. ಐದು ಜನರ ಹಾಜರಿ, ಅದರ ಕೆಳಗೆ ಹಾಜರಿ ಕೂಗುವವರ ಮಾತು, ಅವರು ಅಂದ ಹಾಗೇ, ನನ್ನ ಕೈಬರಹದಲ್ಲಿ. ತಲುಪಬೇಕಾದವರಿಗೆ ತಲುಪಲೇ ಇಲ್ಲ.

“ಮುಳಬಾಗಿಲಿನ ಚನ್ನಕೇಶವಯ್ಯನವರೇ, ಕಣ್ಣು ಬೇಗ ವಾಸಿ ಮಾಡ್ಕೊಳ್ಳಿ. ನೀವು ಕೇಳ್ತಿದ್ದೀರ ಅಂತಾನೇ ನಾವು ದಿನಾ ಮಾತಾಡೋದು.”

ಚನ್ನಕೇಶವಯ್ಯ. ಅವರ ಹೆಸರು ಚನ್ನಕೇಶವಯ್ಯ.