ಮೀಸೆ ಉದುರದ ಟೈರು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವನು ಒಬ್ಬನೇ, ಎದುರು ಸಾಲಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಅವಳ ಗಂಡನ ತಮ್ಮ. ತಮಾಷೆ ಅಂದರೆ, ಅವನು ಕರೆದರೆ ಮಾತ್ರ ಅವಳು ಓಗೊಡುತ್ತಿರಲಿಲ್ಲ.

ಅತ್ತಿಗೆಯ ಕಸುಬು ಕಾರಿನ ಸೀಟು ಹೊಲಿಯುವುದು. ಅಂಗಡಿಯ ತುಂಬ ರೆಕ್ಸಿನ್ ಸುರುಳಿ, ಹಳದಿ ಸ್ಪಂಜು, ಮೇಣ ತೀಡಿದ ದಾರ. ದಬ್ಬಳ ಹಿಡಿದ ಬೆರಳಿನ ತುದಿ ಕಲ್ಲಾಗಿತ್ತು, ನಾಲಗೆ ಅದಕ್ಕಿಂತ ಚೂಪಾಗಿತ್ತು. ಆದರೆ ಅವಳ ಹೆಸರು ಊರಗಲ ಹಬ್ಬಿದ್ದು ಸೀಟಿನಿಂದಲ್ಲ, ಟೈರಿನಿಂದ. ಹಳೇ ಕಾಲದ ಪುಟಾಣಿ ಕಾರುಗಳನ್ನು ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡುವ ಒಂದು ಗುಂಪಿತ್ತು. ಭಾನುವಾರ ಬೆಳಿಗ್ಗೆ ಹಳೆಯ ಗೋದಾಮಿನ ಅಂಗಳದಲ್ಲಿ ಸೇರುತ್ತಿದ್ದರು. ಆ ಕಾರುಗಳ ಚಕ್ರ ಬರೀ ಹತ್ತಿಂಚು. ಆ ಅಳತೆಯ ಟೈರ್ ಸಿಗುವುದೇ ಕಷ್ಟ. ಸಿಕ್ಕಿದ್ದರಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಹೇಳುವವಳು ಅತ್ತಿಗೆ. ಅವಳು ಹೇಳಿದ ಮೇಲೆ ಮುಗೀತು, ಎದುರು ಮಾತಿಲ್ಲ.

ಅವಳು ಅಂಕ ಕೊಡುತ್ತಿರಲಿಲ್ಲ, ನಂಟಸ್ತನ ಕೊಡುತ್ತಿದ್ದಳು. ಎಲ್ಲಕ್ಕಿಂತ ಮೇಲಿನದು 'ತಾಯಿ'. ನೀನು ಎಂಥ ತಪ್ಪು ಮಾಡಿದರೂ ಕೈಬಿಡದ ಟೈರು. ಅದರ ಕೆಳಗೆ 'ದೊಡ್ಡಪ್ಪ'. ದಾರಿಯುದ್ದಕ್ಕೂ ಗೊಣಗುತ್ತದೆ, ಆದರೆ ಹೊತ್ತಿಗೆ ಒದಗುತ್ತದೆ. ಆಮೇಲೆ 'ಅಳಿಯ'. ಫಳಫಳ ಹೊಳೆಯುತ್ತದೆ, ಬಿಸಿಲಲ್ಲಿ ಚೆನ್ನಾಗಿರುತ್ತದೆ, ಒಂಚೂರು ಒದ್ದೆಯಾದರೆ ಮುನಿಸಿಕೊಳ್ಳುತ್ತದೆ. ಕಟ್ಟಕಡೆಗೆ 'ಮೈದುನ'. ನಂಬಿ ತಿರುಗಿಸಿದ ಕಡೆಯೇ ಕೈಕೊಡುವಂಥದ್ದು.

ಈ ಮಾತು ಬಾಯಿಂದ ಬಾಯಿಗೆ ಹೋಗಿ ಕೊನೆಗೆ ಆ ಮೈದುನನ ಅಂಗಡಿ ಬಾಗಿಲಿಗೇ ಬಂದಿತ್ತು. ಗಿರಾಕಿಗಳು ಅವನ ಮುಖ ನೋಡಿಕೊಂಡೇ, "ಅಣ್ಣ, ದೊಡ್ಡಪ್ಪ ಇದ್ರೆ ಎರಡು ಕೊಡಿ, ಮೈದುನ ಮಾತ್ರ ಬೇಡ" ಅನ್ನುತ್ತಿದ್ದರು. ಅವನು ಹಲ್ಲು ಕಡಿದುಕೊಂಡು ಒಳಗೆ ಹೋಗುತ್ತಿದ್ದ.

ಅಷ್ಟು ದ್ವೇಷ ಯಾಕೆ ಅಂತೀರಾ? ಅತ್ತಿಗೆಯ ಗಂಡನಿಗೆ ಒಂದು ಹಸಿರು ಕಾರಿತ್ತು. ಮುಂದಿನ ದೀಪಗಳು ಕಣ್ಣು ಬಿಟ್ಟುಕೊಂಡ ಹಾಗಿದ್ದುದರಿಂದ ಅದಕ್ಕೆ ಕಪ್ಪೆ ಅಂತ ಹೆಸರು. ಒಂದು ಸಲ ತಮ್ಮನೇ ಅದಕ್ಕೆ ನಾಲ್ಕೂ ಟೈರ್ ಹಾಕಿಕೊಟ್ಟ. ಕನ್ನಡಿ ಥರ ಹೊಳೆಯುತ್ತಿದ್ದವು, ಪಾಲಿಶ್ ಹೊಡೆದಿದ್ದರು. ಆದರೆ ಅವು ಯಾವ ಕಾಲದಲ್ಲೋ ತಯಾರಾಗಿ ಯಾವುದೋ ಉಗ್ರಾಣದಲ್ಲಿ ಕೂತು ಕೂತು ಮರದ ಹಾಗೆ ಗಟ್ಟಿಯಾಗಿದ್ದ ಟೈರುಗಳು. ತಯಾರಾದ ತಾರೀಕು ಪಕ್ಕದಲ್ಲೇ ಅಚ್ಚೊತ್ತಿರುತ್ತದೆ, ಬಗ್ಗಿ ನೋಡಿದರೆ ಸಾಕು. ನೀರಿನ ಟ್ಯಾಂಕಿನ ಹಿಂದಿನ ತಿರುವಿನಲ್ಲಿ, ಟ್ಯಾಂಕು ತುಂಬಿ ಚೆಲ್ಲಿ ರಸ್ತೆ ಯಾವಾಗಲೂ ಒದ್ದೆಯಿರುವ ಕಡೆ, ಕಪ್ಪೆ ಗಿರ್ರನೆ ತಿರುಗಿ ಮೋರಿಗೆ ಬಡಿಯಿತು. ಪಕ್ಕದಲ್ಲಿ ಕೂತಿದ್ದ ಅತ್ತಿಗೆಗೆ ಏನೂ ಆಗಲಿಲ್ಲ. ಗಂಡನ ಮಂಡಿ ಮಾತ್ರ ಮತ್ತೆಂದೂ ಮಡಚಲು ಬರಲಿಲ್ಲ. ಬೇರೆ ಯಾವುದೋ ಕಾಯಿಲೆಯಲ್ಲಿ ಹೋಗುವ ತನಕ ಆ ಕಾಲನ್ನು ಅಡ್ಡಗೋಲಿನ ಹಾಗೆ ಚಾಚಿಕೊಂಡೇ ಇದ್ದ.

"ತಾರೀಕು ನೋಡ್ಲಿಲ್ಲ ಅತ್ತಿಗೆ, ದೇವರಾಣೆ" ಅಂದಿದ್ದ ಮೈದುನ.

"ಟೈರ್ ಮಾರೋನು ತಾರೀಕು ನೋಡ್ಲಿಲ್ಲ ಅಂದ್ರೆ ಕ್ಷೌರ ಮಾಡೋನು ಕಿವಿ ನೋಡ್ಲಿಲ್ಲ ಅಂದಂಗಾಯ್ತು."

"ಪಾಪ, ಗೊತ್ತಿದ್ದು ಮಾಡಿಲ್ಲ ಕಣೆ" ಅನ್ನುತ್ತಿದ್ದ ಗಂಡ. ಅತ್ತಿಗೆ ಅದನ್ನು ಒಂದು ದಿನವೂ ನಂಬಲಿಲ್ಲ. ನೋಡಿಯೂ ನೋಡದ ಹಾಗೆ ಇದ್ದ, ಅಷ್ಟೇ, ಅಂತ ಅವಳ ಲೆಕ್ಕ.

ಕಪ್ಪೆಯನ್ನು ಅವಳೇ ರಿಪೇರಿ ಮಾಡಿಸಿದಳು, ಅವಳೇ ಓಡಿಸಲು ಕಲಿತಳು. ಗಂಡ ಕಾಲು ಚಾಚಲೆಂದು ಪಕ್ಕದ ಸೀಟಿನ ಅಂಚಿಗೆ ನಾಲಗೆಯ ಹಾಗೆ ಮುಂದೆ ಚಾಚಿದ ಒಂದು ಮೆತ್ತೆ ಹೊಲಿದಳು. ಆಮೇಲೆ ಸಿಕ್ಕ ಸಿಕ್ಕ ಟೈರನ್ನೆಲ್ಲ ಅದೇ ಕಾರಿಗೆ ಹಾಕಿ, ಪ್ರತಿ ಸಲವೂ ಅಷ್ಟೇ ಗಾಳಿ ತುಂಬಿ, ಅದೇ ಒದ್ದೆ ತಿರುವಿನಲ್ಲಿ ಓಡಿಸಿ ನೋಡತೊಡಗಿದಳು. ಅವಳದೊಂದು ಕಾನೂನಿತ್ತು. ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲು ಇರುತ್ತವಲ್ಲ, ಅದಕ್ಕವಳು ಮೀಸೆ ಅನ್ನುತ್ತಿದ್ದಳು. ಅಚ್ಚಿನಿಂದ ಬಂದ ಟೈರಿನ ಮೇಲೆ ಒಂದು ಜಾರು ಪೊರೆ ಇರುತ್ತದೆ. ಓಡಿ ಓಡಿ ಮೀಸೆ ಉದುರುವಷ್ಟರಲ್ಲಿ ಆ ಪೊರೆಯೂ ಸವೆದಿರುತ್ತದೆ. "ಮೀಸೆ ಉದುರೋ ತನಕ ನನ್ನ ಬಾಯಲ್ಲಿ ತೀರ್ಪಿಲ್ಲ" ಅಂತ ಎಲ್ಲರೆದುರೂ ಎಷ್ಟೋ ಸಲ ಹೇಳಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ರಸ್ತೆ ದಾಟಿ ಬಂದಳು.

"ಅಕ್ಕ, ಒಳಗೆ ಬರ್ಲಾ?"

"ಬಾಗಿಲು ತೆಗೆದೇ ಇದೆ. ನಾಯಿನೂ ಬರುತ್ತೆ."

ಓರಗಿತ್ತಿ ಅದನ್ನು ನುಂಗಿಕೊಂಡು ಸ್ಪಂಜಿನ ರಾಶಿಯ ಅಂಚಿಗೆ ಕೂತಳು. "ಹೊಸ ಟೈರ್ ತರಿಸಿದ್ದಾರೆ. ಹತ್ತಿಂಚಿಂದು."

"ಕಾಣ್ತಿದೆಯಲ್ಲ. ಗೋಪುರ ಕಟ್ಟಿ ಇಟ್ಟಿದ್ದೀರ, ನನ್ನ ಅಂಗಡಿಗೆ ಬೆಳಕೇ ಬೀಳ್ತಿಲ್ಲ."

"ಇದ್ದಬದ್ದದ್ದೆಲ್ಲ ಅದಕ್ಕೇ ಸುರಿದಾಯ್ತು ಅಕ್ಕ. ನೀವೊಂದು ಸಲ ಹಾಕಿ ನೋಡಿ. ಕೆಟ್ಟದಾಗಿದ್ರೆ ಕೆಟ್ಟದು ಅನ್ನಿ, ನಾನು ತುಟಿ ಬಿಚ್ಚಲ್ಲ. ನೀವು ಮೈದುನ ಅಂದ್ಬಿಟ್ರೆ ಅಂಗಡಿಗೆ ಬೀಗ. ಈ ವಯಸ್ಸಲ್ಲಿ ಯಾರದೋ ಕೈಕೆಳಗೆ ಪಂಕ್ಚರ್ ಹಾಕೋಕೆ ಹೋಗ್ಬೇಕು ಅವರು."

"ಹೋಗ್ಲಿ. ಬೊಜ್ಜು ಕರಗುತ್ತೆ."

"ನೀವು ಸುಳ್ಳು ಹೇಳಲ್ಲ ಅಂತ ಗೊತ್ತು. ಅದೊಂದೇ ಧೈರ್ಯ ನನಗೆ" ಅಂದು ಓರಗಿತ್ತಿ ಎದ್ದು ಹೋದಳು.

ಆ ಮಾತು ಅತ್ತಿಗೆಗೆ ಇಷ್ಟವಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಮೈದುನನೇ ಬಂದು ಕಪ್ಪೆಗೆ ನಾಲ್ಕು ಹೊಸ ಟೈರ್ ಹಾಕಿ, ಅವಳ ಹಳೆಯವನ್ನು ಗೋಡೆಗೆ ಒರಗಿಸಿದ. ಅತ್ತಿಗೆ ಅಷ್ಟು ಹೊತ್ತೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಈ ಸಲ ತಾರೀಕನ್ನು ಅವಳೇ ಬಗ್ಗಿ ಓದಿದಳು. ಹೊಚ್ಚ ಹೊಸದು.

"ಸರಿಯಾಗಿದೆಯಾ ಅತ್ತಿಗೆ?"

ಅವಳು ಅವನ ತಲೆಯ ಮೇಲಿಂದ ರಸ್ತೆ ನೋಡಿದಳು. ಅವನು ಜಾಕ್ ಎತ್ತಿಕೊಂಡು ಹೊರಟ.

ಈಗ ಅವಳು ಮಾಡಬೇಕಾದ್ದು ಒಂದೇ. ಕೆಲವು ದಿನ ಸುಮ್ಮನೆ ಓಡಾಡಿಸಬೇಕು, ಹೊಲಿದ ಸೀಟುಗಳನ್ನು ಮನೆಮನೆಗೆ ತಲುಪಿಸಬೇಕು, ಮೀಸೆ ಉದುರಿಸಬೇಕು. ಆದರೆ ನಾಡಿದ್ದೇ ಭಾನುವಾರ. ಕೈ ತುರಿಸುತ್ತಿತ್ತು. ಹೊಟ್ಟೆಯಲ್ಲಿ ಎಷ್ಟೋ ವರ್ಷದಿಂದ ಕೂತಿದ್ದ ಕೆಂಡ ಈಗ ಎದ್ದು ಸ್ಟೀರಿಂಗ್ ಹಿಡಿದಿತ್ತು. ಕಾರಿನ ಬಾಗಿಲು ತೆಗೆಯುವಾಗ ಮುಂದಿನ ಟೈರಿನ ಮೇಲೆ ಆ ಕೂದಲು ಸೆಟೆದು ನಿಂತಿದ್ದು ಕಣ್ಣಿಗೆ ಬಿತ್ತು. ಬಿದ್ದ ಹಾಗೇ ಕಣ್ಣು ಬೇರೆ ಕಡೆ ಹೋಯಿತು.

ಟ್ಯಾಂಕಿನ ತಿರುವು ಕೂಗಳತೆ ದೂರದಲ್ಲಿತ್ತು. ಒದ್ದೆಗೆ ಬಂದದ್ದೇ ತಡ, ಕಪ್ಪೆಯ ಹಿಂಭಾಗ ಸೊಯ್ಯನೆ ಜಾರಿತು. ಅತ್ತಿಗೆ ಸ್ಟೀರಿಂಗ್ ಎಳೆದು ನಿಲ್ಲಿಸಿದಳು. ಹೊಟ್ಟೆ ತಣ್ಣಗಾಯಿತು. ಮನೆಗೆ ಬಂದು ಗಂಡನ ಫೋಟೋ ಮುಂದೆ ನಿಂತು, "ನೋಡ್ದ್ಯಾ ನಿನ್ನ ತಮ್ಮನ್ನ" ಅಂದಳು.

ಭಾನುವಾರ ಗೋದಾಮಿನ ಅಂಗಳದಲ್ಲಿ ಎಲ್ಲ ಸೇರಿದ್ದರು. ಗುಂಪಿಗೆ ಹಿರಿಯ ಹಳದಿ ಕಾರಿನ ಮೇಷ್ಟ್ರು. ಅವರು ಗಂಟಲು ಸರಿಮಾಡಿಕೊಂಡು, "ಹೊಸದು ಹೆಂಗಮ್ಮ?" ಅಂತ ಕೇಳಿದರು.

"ಹೆಂಗೇನು, ಅಂಗಡಿಯವನು ಹೆಂಗೋ ಟೈರೂ ಹಂಗೇ. ಮೈದುನ."

ಗೊಳ್ಳೆಂದರು ಎಲ್ಲ. ಆದರೆ ಆ ದಿನ ಮೈದುನನೂ ಬಂದಿದ್ದ, ಹಿಂದೆ ನಿಂತಿದ್ದ. ಜನ ಸರಿದು ದಾರಿ ಬಿಟ್ಟರು. ಅವನು ಕಪ್ಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರಿನ ಮೇಲೆ, ಮಗುವಿನ ತಲೆ ಸವರುವ ಹಾಗೆ, ಕೈಯಾಡಿಸಿದ.

"ಮೇಷ್ಟ್ರೇ, ಇಲ್ಲಿ ಬನ್ನಿ. ಕನ್ನಡಕ ಹಾಕ್ಕೊಂಡು ಬನ್ನಿ."

ಮೇಷ್ಟ್ರು ಬಗ್ಗಿದರು. ಬೆರಳಿಂದ ಮುಟ್ಟಿ ನೋಡಿದರು. "ಮೀಸೆ ಇದೆಯಲ್ಲಯ್ಯ."

"ಇದೆ. ಎಣ್ಣೆ ಹಚ್ಚಿ ಬಾಚಬಹುದು, ಅಷ್ಟಿದೆ. ಅತ್ತಿಗೆ, ನಿಮ್ಮ ಕಾನೂನು ಏನು, ನೀವೇ ಒಂದು ಸಲ ಹೇಳಿಬಿಡಿ."

ಈ ಜಾತಿಯ ಟೈರಿನ ಮೀಸೆ ಉದುರುವುದೇ ಇಲ್ಲ ಅಂದುಬಿಟ್ಟರೆ ನಂಬುತ್ತಾರೆ, ಅತ್ತಿಗೆಗೆ ಗೊತ್ತಿತ್ತು. ಮಾತು ನಾಲಗೆ ತುದಿಗೂ ಬಂತು. ಜನರ ನಡುವೆ ಓರಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ನಿಂತಿದ್ದಳು.

"ನೋಡ್ಲಿಲ್ವೇನಮ್ಮ?" ಅಂದರು ಮೇಷ್ಟ್ರು, ಅವಳಿಗೊಂದು ದಾರಿ ಮಾಡಿಕೊಡುವ ಹಾಗೆ.

ನೋಡಲಿಲ್ಲ ಅನ್ನುವುದು ಬಲು ಸುಲಭವಿತ್ತು. ಆ ಮಾತನ್ನು ಇನ್ನೊಬ್ಬರ ಬಾಯಿಂದ ಒಂದು ಸಲ ಕೇಳಿ ಇಷ್ಟು ವರ್ಷ ಉರಿದವಳು ಅವಳು.

"ನೋಡ್ದೆ" ಅಂದಳು ಅತ್ತಿಗೆ. "ತೀರ್ಪು ವಾಪಸ್ಸು. ಮುಂದಿನ ಭಾನುವಾರ ಎಲ್ಲರೂ ಟ್ಯಾಂಕಿನ ಹತ್ತಿರ ಬನ್ನಿ."

ಆ ವಾರವೆಲ್ಲ ಕಪ್ಪೆಗೆ ಪುರುಸೊತ್ತಿಲ್ಲ. ಸೀಟು ತಲುಪಿಸುವ ನೆಪ ಇದ್ದ ಮನೆಗೂ ಹೋಯಿತು, ಇಲ್ಲದ ಮನೆಗೂ ಹೋಯಿತು. ಭಾನುವಾರದ ಹೊತ್ತಿಗೆ ಟೈರು ನುಣ್ಣಗೆ ಬೋಳಿಸಿದ ಗಲ್ಲದ ಹಾಗಿತ್ತು. ಮೇಷ್ಟ್ರು ನಾಲ್ಕೂ ಚಕ್ರ ಸವರಿ ನೋಡಿ ತಲೆಯಾಡಿಸಿದರು.

"ನಾನೂ ಒಳಗೆ ಕೂರ್ತೀನಿ" ಅಂದ ಮೈದುನ. "ನೀವು ಬೇಕಂತಲೇ ಜಾರಿಸಿಬಿಟ್ರೆ?"

"ಕೂತ್ಕೋ. ಮುಂದೆ ಬೇಡ, ಅದು ಅವರ ಜಾಗ. ಹಿಂದೆ ತೂರ್ಕೋ."

ಕಪ್ಪೆಯ ಹಿಂದಿನ ಸೀಟು ಬುಟ್ಟಿ ಇಡುವಷ್ಟು ಜಾಗ. ಮೈದುನ ಅದರಲ್ಲಿ ಹೇಗೋ ತೂರಿಕೊಂಡ, ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಹೊರಗೆ ನಿಂತವರು ನಗು ತಡೆದುಕೊಂಡರು.

ಅತ್ತಿಗೆ ಗಾಡಿ ಬಿಟ್ಟಳು. ಒದ್ದೆ ತಿರುವು ಬಂತು, ಕಪ್ಪೆ ರಸ್ತೆಗೆ ಅಂಟಿಕೊಂಡೇ ತಿರುಗಿತು. ಮತ್ತೆ ಬಂದಳು, ಇನ್ನೂ ಜೋರಾಗಿ. ಜಾರಲಿಲ್ಲ. ಮತ್ತೊಂದು ಸಲ, ಯಾರೂ ಮಾಡಬಾರದ್ದು ಮಾಡಿದಳು, ತಿರುವಿನ ನಟ್ಟನಡುವೆ ಬ್ರೇಕ್ ಒತ್ತಿದಳು. ಟೈರು ಒಂದು ಸಣ್ಣ ಕೂಗು ಹಾಕಿ ಹಿಡಿದು ನಿಂತಿತು. ಮೋರಿ ಅಷ್ಟು ದೂರದಲ್ಲೇ ಉಳಿಯಿತು.

ಮೈದುನ ಹೆದರಿ ಮುಂದಿನ ಸೀಟಿನ ಅಂಚು ತಬ್ಬಿಕೊಂಡಿದ್ದ. ಅವನ ಬೆರಳಿಗೆ ಆ ಮೆತ್ತೆಯ ನಾಲಗೆಯ ಹೊಲಿಗೆ ಸಿಕ್ಕಿತು.

"ಅಣ್ಣ ಕಾಲು ಇಡ್ತಿದ್ದಿದ್ದು ಇದರ ಮೇಲೇನಾ?"

"ಕೈ ತೆಗಿ."

ಅವನು ತೆಗೆದ.

ಅತ್ತಿಗೆ ಇಳಿದು ಬಾಗಿಲು ದಢಾರನೆ ಹಾಕಿದಳು. ಮುಖ ಗಂಟಿಕ್ಕಿತ್ತು. ಕೆಟ್ಟ ಸುದ್ದಿ ಅಂದುಕೊಂಡು ಓರಗಿತ್ತಿ ಕಣ್ಣು ಮುಚ್ಚಿಕೊಂಡಳು.

"ತಾಯಿ" ಅಂದಳು ಅತ್ತಿಗೆ.

ಆ ಪಟ್ಟ ಅವಳು ಯಾವ ಟೈರಿಗೂ ಕೊಟ್ಟಿದ್ದೇ ಇಲ್ಲ. ಮೇಷ್ಟ್ರು ಕಿವಿ ಮುಂದೆ ಮಾಡಿ, "ಏನಂದ್ರಿ?" ಅಂದರು.

"ಕಿವುಡಾ? ಟೈರು ತಾಯಿ. ಹೋದ ವಾರದ ಪರೀಕ್ಷೆ ಮೈದುನ. ಅದನ್ನ ಮಾಡಿದ್ದು ನಾನು."

ಕಾರಿನಿಂದ ಈಚೆ ಬರಲು ಒದ್ದಾಡುತ್ತಿದ್ದ ಮೈದುನನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಹೊರಗೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡು, "ಟೈರು ಹಾಗೇ ಇರ್ಲಿ ಅತ್ತಿಗೆ. ಕಪ್ಪೆಗೇ ಇರ್ಲಿ" ಅಂದ.

"ನಿನ್ನ ಉಪಕಾರ ಹೊತ್ತುಕೊಂಡು ತಿರುಗೋ ಗ್ರಹಚಾರ ನನಗಿಲ್ಲ. ಬಿಚ್ಚು. ನನ್ನ ಹಳೇದು ಹಾಕು."

"ಆ ಹಳೇದಕ್ಕಿಂತ..."

"ಬಿಚ್ಚು ಅಂದೆ."

ಅಂಗಡಿ ಮುಂದೆ ಅವನು ಬಿಚ್ಚಿದ. ಅವಳ ಹಳೆಯ ಟೈರುಗಳನ್ನು ಹಾಕುವ ಮುಂಚೆ, ಒಂದೊಂದನ್ನೂ ಬೆಳಕಿಗೆ ತಿರುಗಿಸಿ, ಪಕ್ಕದ ಅಚ್ಚನ್ನು ಹೆಬ್ಬೆರಳಿನಿಂದ ಒರೆಸಿ ತಾರೀಕು ಓದಿದ. ಬೀದಿಯಲ್ಲಿದ್ದವರೆಲ್ಲ ನೋಡಿದರು.

"ಇವು ಮುದಿಯಾಗಿವೆ ಅತ್ತಿಗೆ. ಗಟ್ಟಿಯಾಗಿವೆ."

"ಪರವಾಗಿಲ್ಲ, ಈಗ್ಲಾದ್ರೂ ಓದೋಕೆ ಬಂತು" ಅಂದಳು ಅತ್ತಿಗೆ.

ಮಾರನೇ ದಿನದಿಂದ ಎದುರಂಗಡಿಯ ಗೋಪುರ ಕರಗತೊಡಗಿತು. ಹಳದಿ ಕಾರು ಮೊದಲು ಬಂತು, ಹಿಂದೆಯೇ ಉಳಿದವು. ಸೀಟಿನ ಅಂಗಡಿಗೆ ಮತ್ತೆ ಬೆಳಕು ಬಿತ್ತು. ಮೈದುನ ಕರೆದರೆ ಅತ್ತಿಗೆ ಈಗಲೂ ಓಗೊಡಲಿಲ್ಲ. ಆದರೆ ಸೀಟು ಹೇರಿಕೊಂಡು ಟ್ಯಾಂಕಿನ ಹಿಂದಿನ ದಾರಿಯಲ್ಲಿ ಹೋಗುವಾಗ, ಆ ಒದ್ದೆ ತಿರುವು ಬರುವ ಬಹಳ ಮುಂಚೆಯೇ ಅವಳ ಕಾಲು ಬ್ರೇಕಿಗೆ ಹೋಗುತ್ತಿತ್ತು. ಮೈದುನ ಆ ತಾರೀಕು ಓದುವ ಮುಂಚೆ ಎಂದೂ ಹೋಗಿರಲಿಲ್ಲ. ಕಪ್ಪೆ ಅಲ್ಲಿ ತೆವಳಿಕೊಂಡು ದಾಟುತ್ತಿತ್ತು, ಹಿಂದೆ ಬಂದವರು ಹಾರ್ನ್ ಹೊಡೆಯುತ್ತಿದ್ದರು, ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರ ಜನ್ಮ ಜಾಲಾಡುತ್ತಿದ್ದಳು.