ಕೆದಕಬಾರದ ಮಣ್ಣು

ದೆಹಲಿಯ ದ್ವಾರಕಾದ ವಸತಿ ಸೊಸೈಟಿಯಲ್ಲಿ ಜನ ನಾಯಿ ಸಾಕುತ್ತಾರೆ, ಗಿಣಿ ಸಾಕುತ್ತಾರೆ. ಸರ್ಕಾರಿ ಗುಮಾಸ್ತರಾಗಿ ನಿವೃತ್ತರಾದ ಗೋಪಿನಾಥರು ಸಾಕಿದ್ದು ಸಹಸ್ರಪದಿಗಳನ್ನು. ಹಾಗೆ ನೋಡಿದರೆ ಅವು ಮಗಳು ಹರ್ಷಿಣಿಯವು. ಹೌಜ್ ಖಾಸ್‌ನಲ್ಲಿ ಓದುವಾಗ ಗೆಳತಿಯಿಂದ ಮಣ್ಣು ತುಂಬಿದ ಡಬ್ಬದಲ್ಲಿ ತಂದವಳು ಅವಳು. ಆರೈಕೆ ಮಾತ್ರ ಅಪ್ಪನ ತಲೆಗೆ ಬಂತು. ಮೊದಮೊದಲು ಮೂಗು ಮುರಿದ ಮಹಾಶಯರು ಆಮೇಲೆ ಪಾರ್ಕಿನಿಂದ ಕೊಳೆತ ಎಲೆ ಆರಿಸಿ ತಂದು, ಮಣ್ಣಿಗೆ ನೀರು ಚಿಮುಕಿಸಿ, ಸೌತೆಕಾಯಿ ಹೆಚ್ಚಿಡತೊಡಗಿದರು.

"ನನಗೊಂದು ದಿನ ಹೆಚ್ಚಿಕೊಟ್ಟಿದ್ದೀರೇನ್ರೀ?" ಎಂದು ಹೆಂಡತಿ ಸುಶೀಲಮ್ಮ ಛೇಡಿಸುತ್ತಿದ್ದರು.

ಒಮ್ಮೆ ಎಲ್ಲಕ್ಕಿಂತ ದೊಡ್ಡದು ಮಣ್ಣೊಳಗೆ ಸೇರಿ ವಾರಗಟ್ಟಲೆ ಹೊರಬರಲಿಲ್ಲ. ಗೋಪಿನಾಥರು ಚಮಚ ಹಿಡಿದು ಹೊರಟಾಗ ಹರ್ಷಿಣಿ ತಡೆದಳು.

"ಅರೇ, ಮತ್ ಕರೋ ಅಪ್ಪಾ! ಪೊರೆ ಬಿಡ್ತಾ ಇದೆ. ಈಗ ಮೈ ಮೆತ್ತಗಿರುತ್ತೆ, ಕೆದಕಿದ್ರೆ ಸತ್ತೇ ಹೋಗುತ್ತೆ. ಅದರಷ್ಟಕ್ಕೆ ಬರುತ್ತೆ, ಬಿಡು."

ಬಂತು. ಹೊಸ ಮೈಯಲ್ಲಿ ಮಿರಮಿರ ಮಿಂಚುತ್ತಾ ಬಂತು. ಆ ಮಾತು ಗೋಪಿನಾಥರ ಮನಸ್ಸಿನಲ್ಲಿ ಬೇರೂರಿಬಿಟ್ಟಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹರ್ಷಿಣಿಯ ಕೆಲಸ ಹೋಯಿತು. ಅವಳು ಕೋಣೆಯ ಚಿಲಕ ಹಾಕಿಕೊಂಡಳು. ಊಟಕ್ಕೆ ಕರೆದರೆ, "ಮಲಗಿದೀನಿ ಅಮ್ಮ, ಪ್ಲೀಸ್" ಎಂಬ ದನಿ ಮಾತ್ರ ಬರುತ್ತಿತ್ತು.

"ಬಾಗಿಲು ತೆಗೆಸಿ ನೋಡೋಣ್ರೀ," ಎಂದರು ಸುಶೀಲಮ್ಮ.

"ಕೆದಕಬೇಡ್ವೇ. ಮನಸ್ಸು ಮೆತ್ತಗಾಗಿದೆ. ಅವಳಷ್ಟಕ್ಕೆ ಬರ್ತಾಳೆ."

ಮಗಳನ್ನು ಅರ್ಥಮಾಡಿಕೊಂಡೆನೆಂಬ ಹೆಮ್ಮೆಯಿಂದಲೇ ಹೇಳಿದರು, ಪಾಪ.

ಒಳಗೆ ಡೆಂಗಿ ಜ್ವರ ಅವಳನ್ನು ಸುಡುತ್ತಿತ್ತು. ದನಿಯೂ ನಿಂತ ಬೆಳಿಗ್ಗೆ ಬಾಗಿಲು ಒಡೆದರು. ಒಂದು ದಿನ ಮೊದಲು ತಂದಿದ್ದರೆ ಎಂದರು ಆಸ್ಪತ್ರೆಯವರು. ಸಂಜೆಗೆ ಹರ್ಷಿಣಿ ತೀರಿಕೊಂಡಳು.

ಸುಶೀಲಮ್ಮ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಬೈದು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ದೆಹಲಿಯ ಚಳಿಗೆ ಡಬ್ಬದಲ್ಲಿದ್ದ ಉಳಿದವೆಲ್ಲ ಸತ್ತು, ಆ ದೊಡ್ಡದೊಂದೇ ಉಳಿಯಿತು. ಮಗಳದು ಎಂದು ಮನೆಯಲ್ಲಿ ಉಸಿರಾಡುತ್ತಿದ್ದುದು ಅದೊಂದೇ. ಬೇಸಿಗೆ ಶುರುವಾದಾಗ ಅದು ಮತ್ತೆ ಮಣ್ಣೊಳಗೆ ಸೇರಿತು. ಗೋಪಿನಾಥರಿಗೆ ಊಟ ಸೇರಲಿಲ್ಲ, ಡಬ್ಬದ ಮುಂದಿನಿಂದ ಏಳಲಿಲ್ಲ.

"ಪೊರೆ ಬಿಡ್ತಿರಬೇಕು. ಬರುತ್ತೆ ಬಿಡ್ರೀ," ಎಂದರು ಸುಶೀಲಮ್ಮ.

ಆ ಮಾತು ಕೇಳಿದ್ದೇ ತಡ, ಗೋಪಿನಾಥರು ಅಡುಗೆಮನೆಗೆ ಓಡಿ ಚಮಚ ತಂದರು.

"ಈ ಸಲ ಸುಮ್ನೆ ಕೂರಲ್ಲ ಕಣೇ. ನೋಡಲೇಬೇಕು."

ಮಣ್ಣು ಬಗೆದರು. ತಳದಲ್ಲಿ ಅದು ಬೆಳ್ಳಗೆ, ಬೆಣ್ಣೆಯ ಹಾಗೆ ಮೆತ್ತಗೆ ಸುರುಳಿ ಸುತ್ತಿಕೊಂಡಿತ್ತು. ಚಮಚದ ಅಂಚು ತಾಗಿದಲ್ಲಿ ಮೈ ಸೀಳಿಹೋಗಿತ್ತು. ಸಣ್ಣ ಕಾಲುಗಳು ಇನ್ನೂ ಆಡುತ್ತಿದ್ದವು.

"ಬದುಕಿತ್ತು ಕಣೇ," ಎಂದರು ಗೋಪಿನಾಥರು.

ಸುಶೀಲಮ್ಮ ಅವರ ಕೈಯಿಂದ ಚಮಚ ತೆಗೆದುಕೊಂಡು, ಮಣ್ಣನ್ನು ಮತ್ತೆ ಮುಚ್ಚಿದರು.